ಗಾಡಿ ಕೈಕೊಟ್ಟಿತು, ಊರು ಕೈಹಿಡಿಯಿತು

ಪ್ರಯಾಣದಲ್ಲಿ ಅಡಚಣೆ ಯಾರಿಗೆ ತಪ್ಪಿದೆ? ಆದರೆ ಅಂಥ ಹೊತ್ತಿನಲ್ಲಿ ಗುರುತಿಲ್ಲದವರೇ ನೆಂಟರಾಗಿಬಿಡುತ್ತಾರಲ್ಲ, ಅದಕ್ಕೆ ದೊಡ್ಡ ಚರಿತ್ರೆಯೇ ಇದೆ. ಆಳಂದ ಸೀಮೆಯ ನಿಂಬರ್ಗಾ ದಾರಿಯಿಂದ ಹೊರಟು ಜರ್ಮನಿಯವರೆಗೆ ಹೋಗಿ ಬರೋಣ, ಬನ್ನಿ.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನಿಂಬರ್ಗಾ ಕಡೆ ಹೋಗುವಾಗ ದಾರಿಯಲ್ಲಿ ಗಾಡಿ ಕೆಟ್ಟು ನಿಂತಿತು ಅಂತಿಟ್ಟುಕೊಳ್ಳಿ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಬದು ದಾಟಿ ಬರುತ್ತಾರೆ. ಮೊದಲು ಕೇಳುವುದು, "ಏನಾಯ್ತ್ರೀ?" ಆಮೇಲೆ ಕೇಳುವುದು, "ಯಾವೂರ್ರೀ ನಿಮ್ದು?"

ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಈ ಎರಡನೆಯ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಪಂಚರ್ ಆಗಿರುವುದು ಟೈರು. ನಮ್ಮ ಊರು ಯಾವುದಾದರೆ ಇವರಿಗೇನು? ಅಜ್ಜ-ಅಜ್ಜಿಯರನ್ನು ಕೇಳಿ ನೋಡಿ, ನಗುತ್ತಾರೆ. ಸಂಬಂಧ ಹುಡುಕುವುದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಅದು. ಊರಿನ ಹೆಸರು ಹೇಳುತ್ತಲೇ "ಹೌದೇನ್ರಿ? ಅಲ್ಲಿ ನಮ್ಮ ತಂಗೀನ ಕೊಟ್ಟೀವ್ರಿ" ಅಂತಲೋ, "ನಿಮ್ಮೂರ ಜಾತ್ರಿಗಿ ಬಂದಿದ್ದೆ" ಅಂತಲೋ ಒಂದು ಎಳೆ ಸಿಗುತ್ತದೆ. ಸಿಗದಿದ್ದರೂ ಚಿಂತೆಯಿಲ್ಲ. "ಇರ್ಲಿ ಬಿಡ್ರಿ, ಮೊದ್ಲು ನೀರ್ ಕುಡೀರಿ" ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಅಷ್ಟರಲ್ಲಿ ಒಬ್ಬರು ಜಾಕ್ ಹಚ್ಚಿರುತ್ತಾರೆ, ಇನ್ನೊಬ್ಬರು ಸ್ಟೆಪ್ನಿ ಇಳಿಸಿರುತ್ತಾರೆ. ಕಾಕಾ, ಮಾಮಾ, ಅಕ್ಕಾ, ತಮ್ಮಾ ಎಂಬ ಕರೆಗಳು ತಾವಾಗಿಯೇ ಹುಟ್ಟಿಕೊಂಡಿರುತ್ತವೆ.

ಎರೆ ಮಣ್ಣು, ಕಬ್ಬಿನ ಟ್ರ್ಯಾಕ್ಟರು, ಸುಡು ಬಿಸಿಲು

ನಿಂಬರ್ಗಾ ಒಂದು ಹೋಬಳಿ ಊರು. ಸುತ್ತಮುತ್ತ ತೊಗರಿ, ಜೋಳ, ಕಬ್ಬಿನ ಹೊಲಗಳು. ಒಂದು ಕಡೆ ಆಳಂದ, ಮತ್ತೊಂದು ಕಡೆ ಅಫಜಲಪುರ ತಾಲ್ಲೂಕು. ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಗಡಿ. ಹಾಗಾಗಿ ಇಲ್ಲಿಯ ಸಂತೆಯಲ್ಲಿ, ಬಸ್ಸಿನಲ್ಲಿ ಕನ್ನಡದ ಜೊತೆ ಮರಾಠಿಯೂ ಉರ್ದುವೂ ಕಿವಿಗೆ ಬೀಳುತ್ತವೆ. ಗಾಡಿ ಕೆಟ್ಟಾಗ ಸಹಾಯಕ್ಕೆ ಬರುವವರು ಯಾವ ಭಾಷೆಯಲ್ಲಿ ಮಾತಾಡಿದರೂ ಕೆಲಸ ಮಾತ್ರ ಒಂದೇ.

ಈ ಸೀಮೆಯ ದಾರಿಗಳಿಗೆ ಅವುಗಳದೇ ಆದ ಕಷ್ಟಗಳಿವೆ. ಮಳೆಗಾಲದಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಅಂಟಿನಂತೆ ಆಗಿಬಿಡುತ್ತದೆ. ಹೊಲದ ದಾರಿಗೆ ಬೈಕ್ ಇಳಿಸಿದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿಕೊಂಡು ಗಾಲಿ ತಿರುಗುವುದೇ ಇಲ್ಲ. ಕಡ್ಡಿ ತೆಗೆದುಕೊಂಡು ಕೆರೆಯಬೇಕು, ನಾಲ್ಕು ಹೆಜ್ಜೆ ದೂಡಬೇಕು, ಮತ್ತೆ ಕೆರೆಯಬೇಕು. ಕಾರು ಸಿಕ್ಕಿಹಾಕಿಕೊಂಡರಂತೂ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯದೆ ಗತಿಯಿಲ್ಲ. ಚಳಿಗಾಲದಲ್ಲಿ ಕಬ್ಬು ಕಾರ್ಖಾನೆಗೆ ಹೊರಡುತ್ತದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿ ಹೊತ್ತು ನಿಧಾನಕ್ಕೆ ಸಾಗುತ್ತವೆ. ಹಿಂದೆ ದೀಪವೋ ಹೊಳೆಯುವ ಪಟ್ಟಿಯೋ ಇಲ್ಲದಿದ್ದರೆ ಹಿಂದಿನಿಂದ ಬರುವವರಿಗೆ ಹತ್ತಿರ ಬರುವವರೆಗೂ ಕಾಣಿಸುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 42-43 ಡಿಗ್ರಿ ಮುಟ್ಟಿದಾಗ ಇಂಜಿನ್ನೂ ಕುದಿಯುತ್ತದೆ, ಮನುಷ್ಯರ ತಲೆಯೂ ಕುದಿಯುತ್ತದೆ.

ಇಂಥ ದಾರಿಯಲ್ಲಿ ಇವತ್ತು ಸಹಾಯ ಮಾಡುವವರಿಗೆ ನಾಳೆ ಸಹಾಯ ಬೇಕಾಗುತ್ತದೆ. ಎಲ್ಲರಿಗೂ ಇದು ಗೊತ್ತು. ಹಾಗಾಗಿ ಹಗ್ಗ ಕೊಟ್ಟವರು ಲೆಕ್ಕ ಬರೆಯುವುದಿಲ್ಲ. ಹಣ ಕೊಡಲು ಹೋದರೆ "ಏ, ರೊಕ್ಕ ಇಡ್ರಿ ಒಳಗ. ಚಾ ಕುಡದು ಹೋಗ್ರಿ" ಎಂಬ ಉತ್ತರ ಬರುವುದೇ ಹೆಚ್ಚು.

ಜಗತ್ತಿನ ಮೊದಲ ಕಾರು ಪ್ರವಾಸವೂ ಹೀಗೇ ಇತ್ತು!

ಮಕ್ಕಳೇ, ಕಾರಿನಲ್ಲಿ ದೂರದ ಊರಿಗೆ ಮೊಟ್ಟಮೊದಲು ಹೋದವರು ಯಾರು ಗೊತ್ತೇ? ಒಬ್ಬ ತಾಯಿ ಮತ್ತು ಆಕೆಯ ಇಬ್ಬರು ಮಕ್ಕಳು. ಆಕೆಯ ಹೆಸರು ಬರ್ತಾ ಬೆಂಜ್.

ಜರ್ಮನಿಯ ಕಾರ್ಲ್ ಬೆಂಜ್ ಮೂರು ಗಾಲಿಯ ಮೋಟಾರು ಗಾಡಿಯೊಂದನ್ನು ಕಟ್ಟಿ 1886ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆದರೆ ಕೊಳ್ಳುವವರು ಮುಂದೆ ಬರಲಿಲ್ಲ. ಕುದುರೆಯಿಲ್ಲದ ಗಾಡಿ ದೂರ ಹೋಗುತ್ತದೆಂದು ನಂಬುವುದು ಹೇಗೆ? 1888ರ ಆಗಸ್ಟ್ ತಿಂಗಳಲ್ಲಿ ಒಂದು ಬೆಳಗಿನ ಜಾವ ಅವರ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಹದಿಹರೆಯದ ಮಕ್ಕಳಾದ ಓಯ್ಗನ್ ಮತ್ತು ರಿಚರ್ಡ್‌ರನ್ನು ಕರೆದುಕೊಂಡು ಆ ಗಾಡಿ ಹತ್ತಿ ಹೊರಟೇಬಿಟ್ಟರು. ಹೊರಟಿದ್ದು ಮ್ಯಾನ್‌ಹೈಮ್ ಊರಿನಿಂದ. ಹೋಗಬೇಕಾದದ್ದು ಸುಮಾರು 106 ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ಗೆ. ಅದು ಅವರ ತವರೂರು. ನಮ್ಮ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೊರಟ ಹಾಗೆ ಅಂದುಕೊಳ್ಳಿ!

ದಾರಿಯುದ್ದಕ್ಕೂ ತಾಪತ್ರಯ. ಇಂಧನ ಮುಗಿಯಿತು. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ಆ ಗಾಡಿ ಓಡುತ್ತಿದ್ದದ್ದು ಲಿಗ್ರೋಯಿನ್ ಎಂಬ ದ್ರವದಿಂದ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಆ ದ್ರವ ಔಷಧದ ಅಂಗಡಿಯಲ್ಲಿ ಸಿಗುತ್ತಿತ್ತು. ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯವರು ತಮ್ಮಲ್ಲಿದ್ದದ್ದನ್ನು ಕೊಟ್ಟರು. ಅದೇ ಅಂಗಡಿಯನ್ನು ಈಗ ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಬರ್ತಾ ತಮ್ಮ ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ಸರಿಮಾಡಿದರು. ಚೈನು ಕೈಕೊಟ್ಟಾಗ ಒಬ್ಬ ಕಮ್ಮಾರ ದುರಸ್ತಿ ಮಾಡಿಕೊಟ್ಟ. ಬ್ರೇಕಿನ ಕಟ್ಟಿಗೆ ಸವೆದಾಗ ಒಬ್ಬ ಚಮ್ಮಾರ ಅದಕ್ಕೆ ಚರ್ಮ ಹೊಡೆದುಕೊಟ್ಟ. ಏರು ಬಂದಲ್ಲಿ ಮಕ್ಕಳು ಇಳಿದು ದೂಡಿದರು. ಇಂಜಿನ್ ತಣ್ಣಗಾಗಲು ಸಿಕ್ಕಸಿಕ್ಕಲ್ಲಿ ನೀರು ಹಾಕಿದರು. ಸಂಜೆಗೆ ಊರು ಮುಟ್ಟಿ, "ಬಂದು ಸೇರಿದೆವು" ಎಂದು ಕಾರ್ಲ್ ಅವರಿಗೆ ತಂತಿ ಕಳಿಸಿದರು.

ಇದರಲ್ಲೊಂದು ಸ್ವಾರಸ್ಯವಿದೆ. ಆ ಕಮ್ಮಾರನಿಗೆ, ಆ ಚಮ್ಮಾರನಿಗೆ ಮೋಟಾರು ಗಾಡಿ ಎಂದರೇನೆಂದೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತಮ್ಮ ಕಸುಬು. ದಾರಿಹೋಕರಿಗೆ ಅಡಚಣೆಯಾಗಿದೆ, ತನ್ನ ಕೈಲಾದದ್ದು ಇಷ್ಟಿದೆ ಎಂದು ಮುಂದೆ ಬಂದರು. ಬರ್ತಾ ಬೆಂಜ್ ಅವರ ಧೈರ್ಯದ ಜೊತೆಗೆ ಆ ಕೈಗಳೂ ಸೇರಿ ಕಾರನ್ನು ಊರು ಮುಟ್ಟಿಸಿದವು. ನಮ್ಮ ಹಳ್ಳಿಯ ಕ್ರಾಸಿನಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡ ಹುಡುಗನೂ ಅದೇ ಸಾಲಿಗೆ ಸೇರಿದವನು.

ನೀರಿಟ್ಟವರ ಸೀಮೆ

ದಾರಿಹೋಕರನ್ನು ಆದರಿಸುವುದು ಕಾರಿಗಿಂತ ಬಹಳ ಹಳೆಯದು. ಬೇಸಿಗೆಯಲ್ಲಿ ರಸ್ತೆ ಬದಿಯಲ್ಲಿ ಚಪ್ಪರ ಹಾಕಿ ಮಣ್ಣಿನ ಗಡಿಗೆಗಳಲ್ಲಿ ನೀರಿಡುವುದನ್ನು ನೀವು ನೋಡಿರಬಹುದು. ಇದಕ್ಕೆ ಅರವಟ್ಟಿಗೆ ಎನ್ನುತ್ತಾರೆ. ನೂರಾರು ವರ್ಷ ಹಿಂದಿನ ಕನ್ನಡ ಶಾಸನಗಳಲ್ಲಿಯೂ ಈ ಮಾತು ಸಿಗುತ್ತದೆ. ಹಳೆಯ ಕನ್ನಡದಲ್ಲಿ 'ಅಱ' ಅಂದರೆ ಧರ್ಮ. ಬಾಯಾರಿದವರು ಯಾರು, ಎತ್ತ ಹೊರಟವರು ಎಂದು ಕೇಳದೆ ನೀರು ಕೊಡುವುದೇ ಅಲ್ಲಿಯ ಧರ್ಮ. ಗಡಿಗೆ ತುಂಬಿಸಿ ಹೋದವರು ಒಬ್ಬರು, ಕುಡಿದು ಹೋದವರು ಇನ್ನೊಬ್ಬರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದೇ ಇಲ್ಲ.

ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು ನೆಲೆಸಿದ ಶರಣಬಸವೇಶ್ವರರ ಕಥೆಯನ್ನು ಈ ಭಾಗದ ಅಜ್ಜಿಯರು ಮೊಮ್ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಹೊಲಕ್ಕೆ ಬಂದ ಹಕ್ಕಿಗಳನ್ನು ಅವರು ಓಡಿಸಲಿಲ್ಲವಂತೆ. ಕಾಳು ತಿಂದ ಹಕ್ಕಿಗಳಿಗೆ ನೀರೂ ಬೇಕಲ್ಲ ಎಂದು ನೀರಿಟ್ಟರಂತೆ. ಕಲಬುರಗಿಯಲ್ಲಿ ಅವರು ನಡೆಸಿದ ದಾಸೋಹದಲ್ಲಿ ಬಂದವರೆಲ್ಲರೂ ಉಂಡರು.

ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋದರೆ ಇನ್ನೊಂದು ಬಗೆಯನ್ನು ನೋಡಬಹುದು. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಈ ದತ್ತಕ್ಷೇತ್ರದಲ್ಲಿ ಮಧುಕರಿ ಎಂಬ ಪದ್ಧತಿಯಿದೆ. ಮಧ್ಯಾಹ್ನದ ಹೊತ್ತಿಗೆ ಭಕ್ತರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಭಿಕ್ಷೆ ಬೇಡುತ್ತಾರೆ. ಕಾರಿನಲ್ಲಿ ಬಂದ ಸಾಹುಕಾರರೂ ಬೇಡುತ್ತಾರೆ. ದತ್ತನೇ ಯಾವುದಾದರೂ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬುದು ನಂಬಿಕೆ. ಹಾಗಾಗಿ ನೀಡುವವರಿಗೆ ಬಾಗಿಲಿಗೆ ಬಂದವರೆಲ್ಲ ದೊಡ್ಡವರೇ. ಬೇಡುವವರೂ ಒಂದು ಪಾಠ ಕಲಿಯುತ್ತಾರೆ: ಇನ್ನೊಬ್ಬರ ಕೈಯಿಂದ ತೆಗೆದುಕೊಳ್ಳುವುದಕ್ಕೂ ವಿನಯ ಬೇಕು.

ಇನ್ನು ಸೀಗೆ ಹುಣ್ಣಿಮೆ ಬಂತೆಂದರೆ ಆಳಂದದ ದಾರಿಯ ರೂಪವೇ ಬದಲಾಗುತ್ತದೆ. ಮಹಾರಾಷ್ಟ್ರದ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಕಲಬುರಗಿ ಕಡೆಯಿಂದ ಸಾವಿರಾರು ಜನ ನಡೆದುಕೊಂಡೇ ಹೊರಡುತ್ತಾರೆ. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕಾಲಲ್ಲಿ ಬೊಕ್ಕೆ ಏಳುತ್ತವೆ, ಚಪ್ಪಲಿ ಹರಿಯುತ್ತವೆ, ಜೊತೆಗಾರರು ತಪ್ಪಿಸಿಕೊಳ್ಳುತ್ತಾರೆ. ದಾರಿಯಲ್ಲಿರುವ ಊರಿನವರು ಪೆಂಡಾಲು ಹಾಕಿಕೊಂಡು ಕಾದಿರುತ್ತಾರೆ. ಚಹಾ, ನೀರು, ಬಾಳೆಹಣ್ಣು, ಊಟ, ಕಾಲಿಗೆ ಮುಲಾಮು, ಮಲಗಲು ಜಾಗ. ನಡೆಯುವವರ ಜಾತಿ-ಕುಲ ಕೇಳುವವರಿಲ್ಲ, "ಕಾಲ್ ನೋಯ್ತಾವೇನಬೇ ಯಮ್ಮಾ? ಕುಂದ್ರು ಸ್ವಲ್ಪ" ಎನ್ನುವವರೇ ಎಲ್ಲ. ಇದೇ ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಅಲ್ಲಿಯ ಉರುಸಿಗೂ ದೂರದೂರದ ಜನ ಬರುತ್ತಾರೆ. ಹೀಗೆ ಬರುವವರನ್ನು, ಹಾದುಹೋಗುವವರನ್ನು ನೋಡಿಕೊಳ್ಳುವುದು ಈ ಸೀಮೆಗೆ ರೂಢಿಯಾಗಿ ಹೋಗಿದೆ.

ಆದರೆ ಜನ ಹಿಂಜರಿದದ್ದೂ ಉಂಟು

ಇಷ್ಟೆಲ್ಲ ಒಳ್ಳೆಯ ಮಾತು ಹೇಳಿದ ಮೇಲೆ ಕಹಿ ಮಾತೊಂದನ್ನೂ ಹೇಳಬೇಕು. ಟೈರು ಪಂಚರ್ ಆದಾಗ ಓಡಿ ಬರುವ ಜನ, ರಸ್ತೆಯಲ್ಲಿ ರಕ್ತ ಕಂಡಾಗ ಹಿಂದೆ ಸರಿಯುತ್ತಾರೆ. ಕರುಣೆ ಇಲ್ಲವೆಂದಲ್ಲ. ಭಯ. "ಪೊಲೀಸರು ನಮ್ಮನ್ನೇ ಹಿಡಿದರೆ? ಆಸ್ಪತ್ರೆಯವರು ನಮ್ಮಿಂದಲೇ ಹಣ ಕೇಳಿದರೆ? ಕೋರ್ಟಿಗೆ ಅಲೆಯಬೇಕಾಗಿ ಬಂದರೆ?" ಎಂಬ ಭಯ.

2007ರಲ್ಲಿ ದೆಹಲಿಯಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಹುಡುಗನೊಬ್ಬನಿಗೆ ವಾಹನ ಬಡಿಯಿತು. ಬಹಳ ಹೊತ್ತು ಆತ ರಸ್ತೆ ಬದಿಯಲ್ಲೇ ಇದ್ದ. ಎಷ್ಟೋ ಜನ ಹಾದುಹೋದರು, ಯಾರೂ ಆಸ್ಪತ್ರೆಗೆ ಒಯ್ಯಲಿಲ್ಲ. ಹುಡುಗ ಉಳಿಯಲಿಲ್ಲ. ಆತನ ಅಣ್ಣನ ವರಸೆಯ ಪಿಯೂಷ್ ತಿವಾರಿ ಅವರು ಈ ದುಃಖವನ್ನು ನುಂಗಿಕೊಂಡು ಸುಮ್ಮನೆ ಕೂರಲಿಲ್ಲ. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದರು. ಸಹಾಯ ಮಾಡುವವರಿಗೆ ರಕ್ಷಣೆ ಬೇಕು ಎಂದು ಆ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು.

ನಮ್ಮ ರಾಜ್ಯದಲ್ಲೂ ಮರೆಯಲಾಗದ ಘಟನೆಯೊಂದು ನಡೆಯಿತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಹರೀಶ್ ಎಂಬ ಯುವಕ ಲಾರಿ ಅಪಘಾತಕ್ಕೆ ಸಿಕ್ಕರು. ತಾವು ಉಳಿಯುವುದಿಲ್ಲ ಎಂದು ಗೊತ್ತಾದ ಆ ಕ್ಷಣದಲ್ಲೂ ತಮ್ಮ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಅವರ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ' ಆರಂಭಿಸಿತು. ಅಪಘಾತಕ್ಕೆ ಒಳಗಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಕೊಡುವ ಯೋಜನೆ ಅದಾಗಿತ್ತು. ಯಾರ ಪರಿಚಯವೂ ಇಲ್ಲದ ಎಷ್ಟೋ ಜನರಿಗಾಗಿ ಆ ಯುವಕನ ಹೆಸರು ಉಳಿಯಿತು.

ಈ ವಿಷಯ ಎಷ್ಟು ದೊಡ್ಡದೆಂದರೆ, 2022ನೇ ಇಸವಿಯೊಂದರಲ್ಲೇ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ತೀರಿಕೊಂಡರು. ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು. ಪೆಟ್ಟು ಬಿದ್ದ ಮೇಲಿನ ಮೊದಲ ಒಂದು ಗಂಟೆಯನ್ನು ವೈದ್ಯರು 'ಗೋಲ್ಡನ್ ಅವರ್', ಅಂದರೆ ಬಂಗಾರದ ಗಂಟೆ, ಎನ್ನುತ್ತಾರೆ. ಆ ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ತಾಲ್ಲೂಕು ಆಸ್ಪತ್ರೆ ದೂರವಿರುವ ಹಳ್ಳಿ ದಾರಿಯಲ್ಲಿ ಆ ಗಂಟೆಯ ಒಡೆತನ ಯಾರದು? ವೈದ್ಯರದಲ್ಲ, ಪೊಲೀಸರದಲ್ಲ. ಆ ದಾರಿಯಲ್ಲಿ ಆಗ ಹಾದುಹೋಗುತ್ತಿರುವವರದು.

ಕಾನೂನು ಈಗ ನಮ್ಮ ಬೆನ್ನಿಗಿದೆ

ಅಜ್ಜ-ಅಜ್ಜಿಯರೇ, "ಸುಮ್ನ ಯಾಕ ಕೈ ಹಾಕ್ತಿ? ಕೇಸಾಗ್ತದ" ಎಂದು ಹೇಳುವ ಕಾಲ ಹೋಗಿದೆ. ಇದನ್ನು ಮಕ್ಕಳಿಗೂ ತಿಳಿಸಿ.

2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಅಪಘಾತದಲ್ಲಿ ಸಹಾಯ ಮಾಡುವವರ ರಕ್ಷಣೆಗಾಗಿ ರೂಪಿಸಿದ ಮಾರ್ಗಸೂಚಿಗಳಿಗೆ ಮುದ್ರೆ ಒತ್ತಿತು. ಇಂಥವರ ರಕ್ಷಣೆಗೆಂದೇ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ ಎಂಬುದು ಹೆಮ್ಮೆಯ ಸಂಗತಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಹೊಸ ಕಲಮು ಸೇರಿ ದೇಶಕ್ಕೆಲ್ಲ ಈ ರಕ್ಷಣೆ ಸಿಕ್ಕಿತು. 2020ರ ನಿಯಮಗಳ ಪ್ರಕಾರ ಸಹಾಯ ಮಾಡಿದವರನ್ನು ಗೌರವದಿಂದ ನಡೆಸಿಕೊಳ್ಳಬೇಕು. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗಲು ತಾವಾಗಿಯೇ ಒಪ್ಪಿದರೆ ಮಾತ್ರ ವಿಚಾರಣೆ. ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಗಳು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ತೂಗುಹಾಕಬೇಕು. ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ಆ ಫಲಕ ಎಲ್ಲಿದೆ ಎಂದು ಹುಡುಕಿ ನೋಡಿ, ಮಕ್ಕಳೇ.

ಕಾನೂನು ಇಂಥವರನ್ನು 'ಗುಡ್ ಸಮಾರಿಟನ್' ಎಂದು ಕರೆಯುತ್ತದೆ. ಈ ಹೆಸರು ಬಂದದ್ದು ಬೈಬಲ್ಲಿನ ಒಂದು ಕಥೆಯಿಂದ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಒಬ್ಬ ಪ್ರಯಾಣಿಕನನ್ನು ಕಳ್ಳರು ದೋಚಿ, ಹೊಡೆದು ಬಿಟ್ಟುಹೋದರು. ದೊಡ್ಡವರೆನಿಸಿಕೊಂಡ ಇಬ್ಬರು ಕಂಡೂ ಕಾಣದಂತೆ ಸರಿದುಹೋದರು. ಮೂರನೆಯವನು ಸಮಾರ್ಯದವನು. ಅವನ ಜನಕ್ಕೂ ಪೆಟ್ಟುಬಿದ್ದವನ ಜನಕ್ಕೂ ಆಗಿಬರುತ್ತಿರಲಿಲ್ಲ. ಆದರೂ ಅವನು ನಿಂತ, ಗಾಯ ಕಟ್ಟಿದ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ದು, ಖರ್ಚಿಗೆ ಹಣವನ್ನೂ ಕೊಟ್ಟ. ಎರಡು ಸಾವಿರ ವರ್ಷದ ಹಿಂದಿನ ಆ ದಾರಿಯ ಕಥೆ ಇಂದು ನಮ್ಮ ಕಾನೂನಿನ ಪುಸ್ತಕದಲ್ಲಿದೆ.

2025ರಲ್ಲಿ ಕೇಂದ್ರ ಸರ್ಕಾರ ಇನ್ನೆರಡು ಹೆಜ್ಜೆ ಇಟ್ಟಿತು. ಅಪಘಾತಕ್ಕೊಳಗಾದವರಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿತು. ಬಂಗಾರದ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದವರಿಗೆ ಕೊಡುವ 'ರಾಹ್‌ವೀರ್' ಬಹುಮಾನವನ್ನು 5,000ದಿಂದ 25,000 ರೂಪಾಯಿಗೆ ಏರಿಸಿತು. ಬಹುಮಾನಕ್ಕಾಗಿ ಯಾರೂ ಜೀವ ಉಳಿಸುವುದಿಲ್ಲ, ನಿಜ. ಆದರೆ "ನೀನು ಮಾಡಿದ್ದು ಸರಿ" ಎಂದು ಸರ್ಕಾರವೇ ಹೇಳುವುದು ಹಿಂಜರಿಯುವವರಿಗೆ ಧೈರ್ಯ ಕೊಡುತ್ತದೆ.

ಚಿಕ್ಕವರು ಏನು ಮಾಡಬಹುದು?

ಎಲ್ಲಕ್ಕಿಂತ ಮೊದಲು ನಿಮ್ಮ ಸುರಕ್ಷತೆ. ಗಾಡಿ ಕೆಟ್ಟು ನಿಂತಾಗ ರಸ್ತೆಯ ಮೇಲೆ ಆಡಬಾರದು, ಗಾಡಿಯ ಹಿಂದೆ ನಿಲ್ಲಬಾರದು. ದೊಡ್ಡವರ ಜೊತೆ ರಸ್ತೆಯಿಂದ ದೂರ ಸರಿದು ನಿಲ್ಲಬೇಕು. ಗುರುತಿಲ್ಲದವರು ಸಹಾಯಕ್ಕೆ ಬಂದರೆ ಮನೆಯವರು ಮಾತಾಡಲಿ; ಒಬ್ಬರೇ ಯಾರ ಗಾಡಿಯನ್ನೂ ಹತ್ತಬಾರದು. ಒಳ್ಳೆಯ ಮನಸ್ಸಿನವರು ಇದನ್ನು ತಪ್ಪು ತಿಳಿಯುವುದಿಲ್ಲ.

ಅಪಘಾತ ಕಂಡರೆ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ. ಪೊಲೀಸ್, ಅಗ್ನಿಶಾಮಕ ಸೇರಿದಂತೆ ಯಾವುದೇ ತುರ್ತಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಕರೆ ಎತ್ತಿದವರು ಮೊದಲು ಕೇಳುವುದು "ಎಲ್ಲಿದ್ದೀರಿ?" ಎಂದು. ಗಾಬರಿಯಲ್ಲಿ ದೊಡ್ಡವರಿಗೂ ಇದು ತೋಚುವುದಿಲ್ಲ. ಇಲ್ಲಿ ಮಕ್ಕಳ ಚುರುಕು ಕಣ್ಣು ಕೆಲಸಕ್ಕೆ ಬರುತ್ತದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ: ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿ ರಸ್ತೆ. ಕಲ್ಲಿನ ಮೇಲಿರುವ ಊರಿನ ಹೆಸರು, ಅಂಕಿ ಓದಿ ಹೇಳಿ. ಹತ್ತಿರದ ಶಾಲೆ, ಗುಡಿ, ಮಸೀದಿ, ಕ್ರಾಸ್ ಯಾವುದೆಂದು ಹೇಳಿ. ಆಂಬುಲೆನ್ಸ್ ಹತ್ತು ನಿಮಿಷ ಬೇಗ ಬರಲು ಇಷ್ಟೇ ಸಾಕಾಗಬಹುದು.

ದೊಡ್ಡವರಿಗೆ ನಾಲ್ಕು ಮಾತು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆಗೆ, ಬೆನ್ನಿಗೆ ಪೆಟ್ಟಾಗಿರಬಹುದು. ಬೆಂಕಿಯಂಥ ಅಪಾಯ ಎದುರಿಗಿಲ್ಲದಿದ್ದರೆ ಎಳೆದಾಡಬೇಡಿ. ನಮ್ಮ ಕಡೆ ಬಿದ್ದವರಿಗೆ ಮೊದಲು ನೀರು ಕುಡಿಸುವ ರೂಢಿಯಿದೆ. ಆಯಾಸಕ್ಕೆ ಅದು ಸರಿ, ದೊಡ್ಡ ಪೆಟ್ಟಿಗೆ ಸರಿಯಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಿದರೆ ಉಸಿರಿನ ದಾರಿಗೆ ಹೋಗುತ್ತದೆ. ಸಹಾಯ ಬರುವವರೆಗೆ ಪಕ್ಕದಲ್ಲಿ ಕುಳಿತು "ಅಂಜಬ್ಯಾಡ್ರಿ, ನಾವು ಇಲ್ಲೇ ಇದ್ದೀವಿ" ಎಂದು ಹೇಳುತ್ತಿರಿ.

ಕಲ್ಲು ತೆಗೆದಿಟ್ಟು ಹೋಗಿ

ಒಂದು ಸಣ್ಣ ವಿಷಯ ಉಳಿದಿದೆ. ಲಾರಿಯೋ ಟ್ರ್ಯಾಕ್ಟರೋ ಕೆಟ್ಟು ನಿಂತಾಗ ಹಿಂದಿನಿಂದ ಬರುವವರಿಗೆ ಗೊತ್ತಾಗಲಿ ಎಂದು ಸುತ್ತಲೂ ಕಲ್ಲು ಜೋಡಿಸುತ್ತಾರೆ, ಗಾಲಿಗೂ ಕಲ್ಲು ಕೊಡುತ್ತಾರೆ, ಗಿಡದ ಟೊಂಗೆ ಇಡುತ್ತಾರೆ. ಕೆಂಪು ತ್ರಿಕೋನ ಇಡುವುದು ಇನ್ನೂ ಒಳ್ಳೆಯದು. ಆದರೆ ದುರಸ್ತಿ ಮುಗಿದ ಖುಷಿಯಲ್ಲಿ ಗಾಡಿ ಹೊರಟುಬಿಡುತ್ತದೆ, ಕಲ್ಲುಗಳು ರಸ್ತೆಯ ನಡುವೆಯೇ ಉಳಿದುಬಿಡುತ್ತವೆ. ಕತ್ತಲೆಯಲ್ಲಿ ಬೈಕಿನಲ್ಲಿ ಬರುವವರಿಗೆ ಅವೇ ಯಮನಾಗುತ್ತವೆ.

ನಮಗೆ ಸಹಾಯ ಮಾಡಿದವರ ಋಣ ತೀರಿಸಲು ಅವರು ಮತ್ತೆ ಸಿಗುವುದಿಲ್ಲ. ಅವರ ಊರು ನಮಗೆ ನೆನಪಿರಬಹುದು, ದಾರಿ ಮಾತ್ರ ಅತ್ತ ಹೋಗಿರುವುದಿಲ್ಲ. ಹಾಗಾಗಿ ಹಿಂದೆ ಬರುವವರಿಗೆ ತೀರಿಸುವುದೇ ಸರಿ. ಹೊರಡುವ ಮುಂಚೆ ಎಲ್ಲರೂ ಇಳಿದು ಕಲ್ಲುಗಳನ್ನು ಬದಿಗೆ ಹಾಕಿ. ಮಕ್ಕಳೇ, ದೊಡ್ಡವರು ಮರೆತರೆ ನೀವು ನೆನಪಿಸಿ. ರಸ್ತೆ ಮುಟ್ಟದೆ, ಬದಿಯಲ್ಲಿ ನಿಂತು ಇನ್ನೊಂದು ಕಲ್ಲು ಎಲ್ಲಿದೆ ಎಂದು ತೋರಿಸಿ.

ಇವತ್ತು ರಾತ್ರಿ ಊಟವಾದ ಮೇಲೆ ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: "ದಾರಿಯಲ್ಲಿ ನಿಮಗೆ ಯಾರು ಸಹಾಯ ಮಾಡಿದ್ದರು?" ಎತ್ತಿನ ಗಾಡಿಯ ಕೀಲು ಮುರಿದದ್ದೋ, ಕೊನೆಯ ಬಸ್ಸು ತಪ್ಪಿ ಯಾರದೋ ಮನೆಯ ಕಟ್ಟೆಯ ಮೇಲೆ ಮಲಗಿ ಬೆಳಗ್ಗೆ ರೊಟ್ಟಿ ತಿಂದು ಹೊರಟದ್ದೋ, ಒಂದಲ್ಲ ಒಂದು ಕಥೆ ಹೊರಬರುತ್ತದೆ. ಆ ಕಥೆಯನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಸಹಾಯ ಮಾಡಿದವರ ಹೆಸರು ಅಜ್ಜ-ಅಜ್ಜಿಗೆ ಮರೆತಿರಬಹುದು. ಅವರದು ಯಾವೂರು ಎಂಬುದು ಮಾತ್ರ ಖಂಡಿತ ನೆನಪಿರುತ್ತದೆ.